ಅಕ್ಕನ ಹಕ್ಕರಿಕೆ, ನನ್ನ ಎರಡು ಎಲೆ

ಹೊಟ್ಟೆ ದೊಡ್ಡದಿದ್ದಾಗ ಜನ ನಗುತ್ತಿದ್ದರು. ಅದನ್ನು ಸಣ್ಣದು ಮಾಡಿಸಿಕೊಂಡರೆ ನಗೆಪಾಟಲು ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ನಗೆಪಾಟಲಿನ ಪ್ರಸಂಗಗಳು ವಾರಕ್ಕೊಂದರಂತೆ ನಡೆಯುತ್ತಲೇ ಇವೆ. ಮೊದಲಿನವುಗಳಲ್ಲಿ ತಪ್ಪು ಹೊಟ್ಟೆಯದಾಗಿತ್ತು, ಈಗಿನವುಗಳಲ್ಲಿ ಪೂರಾ ನನ್ನದು. ವ್ಯತ್ಯಾಸ ಅಷ್ಟೇ.

ನಾನು ತರಕಾರಿ ಬೀಜದ ಕಂಪನಿಯವನು. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕು ನನ್ನ ಪಾಲಿನವು. ರೈತರಿಗೆ ಬೀಜ ಕೊಡಿಸುವುದು, ಹೊಲಕ್ಕೆ ಹೋಗಿ ಬೆಳೆ ನೋಡುವುದು, ಬೆಳೆದದ್ದನ್ನು ಅಲ್ಲೇ ಹಸಿಯಾಗಿ ತಿಂದು ತಲೆದೂಗುವುದು ನನ್ನ ಕೆಲಸ. ಮೂರನೆಯದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಅಂಗಿಯ ಕಿಸೆಯಲ್ಲಿ ಉಪ್ಪಿನ ಪುಡಿಕೆ ಇಟ್ಟುಕೊಂಡೇ ಹೊಲಕ್ಕೆ ಇಳಿಯುತ್ತಿದ್ದೆ. ಸೌತೆ ತಿಂದು ಯಾರೂ ದಪ್ಪ ಆಗುವುದಿಲ್ಲ, ನಿಜ. ಆದರೆ ಸೌತೆಯ ನಂತರ ಅವರ ಮನೆಗೆ ಹೋಗಿ ಉಣ್ಣುತ್ತಿದ್ದ ರೊಟ್ಟಿ, ಬೆಣ್ಣೆ, ಹೋಳಿಗೆಗಳು ಸುಮ್ಮನಿರಲಿಲ್ಲ. ನೂರಾ ಇಪ್ಪತ್ತಾರು ಕಿಲೋ ಆದೆ. ಮೊಣಕಾಲು ಕೈಕೊಟ್ಟವು, ಉಸಿರು ಕೈಕೊಟ್ಟಿತು. ಕೊನೆಗೆ ಬೆಳಗಾವಿಯ ದವಾಖಾನೆಯಲ್ಲಿ ಆಪರೇಶನ್ ಮಾಡಿ, ಅನ್ನ ಇಳಿಯುವ ಹೊಟ್ಟೆಚೀಲದ ಮುಕ್ಕಾಲು ಪಾಲು ಕತ್ತರಿಸಿ ತೆಗೆದರು. ಉಳಿದದ್ದು ಒಂದು ಬಾಳೆಹಣ್ಣಿನಷ್ಟು.

ಆಮೇಲೆ ಮೊದಲು ಬರೀ ನೀರು, ನಂತರ ತಿಳಿ ಗಂಜಿ, ನಂತರ ಮೆತ್ತಗೆ ಬೇಯಿಸಿದ್ದು. ಹಸಿ ತರಕಾರಿಗೆ ಎಲ್ಲಕ್ಕಿಂತ ಕೊನೆಯ ಪಾಳಿ. ಪಥ್ಯ ಹೇಳುವ ಮೇಡಂ ಒಂದು ಚೀಟಿ ಬರೆದುಕೊಟ್ಟಿದ್ದರು. ತಿಂಗಳುಗಳು ಕಳೆದ ಮೇಲೆ ಸೌತೆಯಿಂದ ಶುರು ಮಾಡಬೇಕು, ಸಿಪ್ಪೆ ಮತ್ತು ಬೀಜ ತೆಗೆದು, ಎರಡೇ ಹೋಳು. ಒಂದೊಂದು ತುತ್ತನ್ನು ಮೂವತ್ತು ಸಲ ಅಗಿಯಬೇಕು. ಸೊಪ್ಪಾದರೆ ಎರಡೆಲೆ, ಕಡ್ಡಿ ತೆಗೆದು. ಮೂಲಂಗಿ, ಕೋಸುಗಳ ಹೆಸರು ಸದ್ಯಕ್ಕೆ ಎತ್ತಬಾರದು. ಬೀಜದ ಕಂಪನಿಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಈ ವಿಷಯ ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಹೊರಗಿನವರಿಗೆಲ್ಲ “ದಿನಾ ನಡದೆ, ಹಸಿ ತರಕಾರಿ ತಿಂದೆ, ಇಳೀತು” ಎಂದು ಹೇಳುತ್ತಿದ್ದೆ. “ಭೇಷ್ ಸಾಹೇಬ್ರ, ಗಟ್ಟಿ ಮನಸ್ಸು ನಿಮ್ದು” ಅನ್ನುತ್ತಿದ್ದರು. ಇಪ್ಪತ್ತು ವರ್ಷ ಚೇಷ್ಟೆ ಕೇಳಿದ ಕಿವಿ ಇದು. ಹೊಗಳಿಕೆ ಒಳಗೆ ಬಂದ ಮೇಲೆ ಹೊರಗೆ ಕಳಿಸಲು ಮನಸ್ಸಾಗಲಿಲ್ಲ.

ಘೋಡಗೇರಿಯ ಅಕ್ಕನಿಗೂ ಹೇಳಲಿಲ್ಲ. ಇದೇ ನನ್ನನ್ನು ಇವತ್ತಿಗೂ ಕೊರೆಯುವುದು. ನಾನು ಹುಟ್ಟಿದಾಗ ಅಕ್ಕನಿಗೆ ಹನ್ನೊಂದು ವರ್ಷ. ಅವ್ವ ಹೊಲದ ಕೆಲಸಕ್ಕೆ ಹೋದರೆ ನನ್ನನ್ನು ಉಣಿಸಿ ಮಲಗಿಸುತ್ತಿದ್ದವಳು ಅವಳೇ. ಮದುವೆಯಾಗಿ ಹೋಗುವಾಗಲೂ ಸಾಲಿ ಕಲಿಸುವ ನೆಪ ಮಾಡಿ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಅಂಥವಳಿಗೆ, ಕಂಪನಿ ಹುಬ್ಬಳ್ಳಿಗೆ ಟ್ರೇನಿಂಗಿಗೆ ಕಳಿಸುತ್ತಿದೆ ಎಂದು ಸುಳ್ಳು ಹೇಳಿ ದವಾಖಾನೆ ಸೇರಿದೆ. ಪರಊರಲ್ಲಿ ತಮ್ಮ ಹಸಿದಾನೆಂದು ಅವಳು ಒಂದು ಡಬ್ಬಿ ಶೇಂಗಾ ಉಂಡೆ ಕಟ್ಟಿಕೊಟ್ಟಳು. ನಾನು ಚಮಚದಲ್ಲಿ ನೀರು ಕುಡಿಯುತ್ತ ಮಲಗಿದ್ದಾಗ ಆ ಉಂಡೆಗಳನ್ನು ನರ್ಸುಗಳು ತಿಂದರು.

೧. ಗೋಡೆಯಾಚೆಯ ಎಣಿಕೆ

ಗೋಕಾಕದ ನಮ್ಮ ಮನೆಯಲ್ಲಿ ಮೊದಲ ಸೌತೆಯ ದಿನ ಬಂತು. ಹೆಂಡತಿ ಹಬ್ಬದ ಹಾಗೆ ಬೇಗ ಎದ್ದು, ಸಿಪ್ಪೆ ಹೆರೆದು, ಬೀಜ ಕೆರೆದು, ಎರಡು ಹೋಳು ಒಂದು ತಟ್ಟೆಯಲ್ಲಿಟ್ಟಳು. ತಟ್ಟೆ ದೊಡ್ಡದು, ಹೋಳುಗಳನ್ನು ಹುಡುಕಬೇಕಿತ್ತು. ಉಳಿದ ಸೌತೆಯನ್ನು ನನ್ನ ಎದುರೇ ಅವಳು ಕರಕರ ತಿಂದಳು.

ನನಗೆ ಆತುರ. ಅಗಿಯುವುದನ್ನು ಹನ್ನೆರಡಕ್ಕೇ ಬಿಟ್ಟು ನುಂಗಿಬಿಟ್ಟೇನು ಎಂಬ ಹೆದರಿಕೆ ಅವಳಿಗೆ. ಎದುರು ಕುಳಿತು ತಾನೇ ಎಣಿಸತೊಡಗಿದಳು. “ಹದಿನೇಳು... ಹದಿನೆಂಟು... ನುಂಗಬ್ಯಾಡ್ರಿ, ಇನ್ನೂ ಐತಿ... ಹತ್ತೊಂಬತ್ತು...” ದನಿ ಸ್ವಲ್ಪ ದೊಡ್ಡದು. ದಿನಾ ಬೆಳಿಗ್ಗೆ, ಸಂಜೆ ಇದೇ ನಡೆಯಿತು. ನಡುನಡುವೆ ನಾನು ಮೂಗಿನಲ್ಲಿ ಉಸಿರೆಳೆಯುತ್ತಿದ್ದೆ, ಒಮ್ಮೊಮ್ಮೆ ನರಳುತ್ತಿದ್ದೆ.

ವಾರ ಕಳೆದ ಮೇಲೆ ಪಕ್ಕದ ಮನೆಯಾಕೆ ಹೆಂಡತಿಯನ್ನು ಬಾಗಿಲಲ್ಲಿ ಹಿಡಿದಳು. “ಅಕ್ಕಾರ, ಕೇಳಬಾರದು, ಆದ್ರೂ ಕೇಳ್ತೇನಿ. ಸಾಹೇಬ್ರಿಗೆ ದಿನಾ ಬಸ್ಕಿ ಹೊಡಿಸ್ತೀರೇನ್ರಿ?”

ಖರೆ ಹೇಳಬಾರದೆಂದು ನಾನೇ ಹೆಂಡತಿಯಿಂದ ಆಣೆ ಮಾಡಿಸಿದ್ದೆ. ಅವಳು ತಲೆ ತಗ್ಗಿಸಿ “ಹೌದ್ರಿ” ಅಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೊಮ್ಮೆಯೂ ದನಿ ಎತ್ತರಿಸದವಳು, ನನ್ನ ಸುಳ್ಳಿಗಾಗಿ ಗಂಡನಿಗೆ ಬಸ್ಕಿ ಹೊಡೆಸುವ ಹೆಂಗಸಾದಳು. ಪಾಪ ಅನಿಸಿತು. ಪಕ್ಕದ ಮನೆಯಾಕೆಗೆ ಹಾಗೇನೂ ಅನಿಸಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದಳಂತೆ: “ನಮ್ಮವರನ್ನೂ ನಾಳಿಂದ ಕಳಸ್ಲೇನ್ರಿ?”

೨. ನಾಗನೂರಿನ ಸಿಪ್ಪೆ

ನಾಗನೂರಿನಲ್ಲಿ ಒಬ್ಬ ಕಾಕಾ ಇದ್ದಾರೆ, ನನ್ನ ಮಾತಿನ ಮೇಲೆ ಪ್ರತಿ ಸಲ ಹೊಸ ತಳಿ ಹಾಕುವವರು. ಬೆಳೆ ನೋಡಲು ಹೋದವನಿಗೆ ಅವರ ಹೊಲದಲ್ಲಿ ಒಂದು ಪದ್ಧತಿ ಉಂಟು. ಬಳ್ಳಿಯಿಂದ ಕಾಯಿ ಹರಿದು, ಧೋತರಕ್ಕೆ ಒರೆಸಿ, ಮೊಣಕಾಲಿಗೆ ಬಡಿದು ಮುರಿಯುತ್ತಾರೆ. ಅರ್ಧ ಅವರಿಗೆ, ಅರ್ಧ ನನಗೆ. ಬೀಜ ಕೊಟ್ಟವನೂ ಬೆಳೆದವನೂ ಕೂಡಿ ತಿಂದ ಮೇಲೆ ಕಾಯಿ ಸಂತೆಗೆ ಹೋಗಬೇಕು. ತಿನ್ನುವುದಿಲ್ಲ ಅಂದರೆ ಬೀಜದಲ್ಲಿ ಏನೋ ಮೋಸವಿದೆ ಎಂದೇ ಅರ್ಥ.

ಆ ದಿನ ಹೊಲದಲ್ಲಿ ಆರೇಳು ಜನ ರೈತರು ಸೇರಿದ್ದರು. ಕಾಕಾ ಅರ್ಧ ಸೌತೆ ಕೈಗಿಟ್ಟರು. ನಾನು ಚೀಲದಿಂದ ಸಣ್ಣ ಚಾಕು ತೆಗೆದೆ. ಸಿಪ್ಪೆಯನ್ನು ದಪ್ಪಗೆ ಹೆರೆದೆ. ಬೀಜವನ್ನೆಲ್ಲ ಕೆರೆದು ನೆಲಕ್ಕೆ ಒಗೆದೆ. ಹೆಬ್ಬೆರಳಿನಷ್ಟು ತುಂಡು ಕತ್ತರಿಸಿ ಬಾಯಿಗಿಟ್ಟು, ಕಣ್ಣು ಮುಚ್ಚಿ ಎಣಿಸುತ್ತ ಅಗಿಯತೊಡಗಿದೆ. ಒಂದೇ ಸಲಕ್ಕೆ ಆರು ಕಾಯಿ ಮುಗಿಸುತ್ತಿದ್ದವನು ಹೀಗೆ ಮಾಡಿದರೆ ಯಾರಿಗೂ ಸಂಶಯ ಬರಬೇಕಾದದ್ದೇ.

“ಸಾಹೇಬ್ರ,” ಕಾಕಾ ಮೆಲ್ಲಗೆ ಕೇಳಿದರು, “ಸಿಪ್ಪ್ಯಾಗ ಹುಳಕ್ಕ ಹೊಡಿಯೂ ಔಷಧದ ಅಂಶ ಏನರ ಉಳಿತೈತೇನ್ರಿ?”

ಅಷ್ಟು ಹೊತ್ತಿಗೆ ನಾನು ಒಂಬತ್ತಕ್ಕೆ ಬಂದಿದ್ದೆ. ಬಾಯಿ ತೆರೆಯುವಂತಿಲ್ಲ, ನುಂಗುವಂತಿಲ್ಲ. ಕೈ ಎತ್ತಿ ‘ತಡೀರಿ’ ಎಂದು ಸನ್ನೆ ಮಾಡಿದೆ.

“ಬೀಜದಾಗೂ ಐತೇನ್ರಿ?”

ನಾನು ಇನ್ನೂ ಗಂಭೀರವಾಗಿ ಕೈ ಎತ್ತಿದೆ. ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ಮುಗಿದು ನುಂಗಿದಾಗ ತುಂಡು ಎದೆಯಲ್ಲಿ ನಿಂತು ಬಿಕ್ಕಳಿಕೆ ಶುರುವಾಯಿತು. ಬಿಕ್ಕುತ್ತ ಬಿಕ್ಕುತ್ತ “ಏನೂ ಇಲ್ರಿ, ಕಾಯಿ ಚಲೋ ಐತಿ” ಅಂದೆ. ಕಣ್ಣಲ್ಲಿ ನೀರು ಬೇರೆ. ಅದನ್ನು ಯಾರು ನಂಬಬೇಕು?

ಹದಿನೈದು ದಿನ ಬಿಟ್ಟು ಹೋದರೆ ನಾಗನೂರಿನ ಆ ಓಣಿಯಲ್ಲಿ ಮನೆಮನೆಯ ಮುಂದೆ ಸೌತೆಸಿಪ್ಪೆಯ ರಾಶಿ. ಹೆಂಗಸರು ಚಮಚ ಹಿಡಿದು ಬೀಜ ಕೆರೆಯುತ್ತಿದ್ದಾರೆ. ಸಿಪ್ಪೆ ತಿಂದಾವೆಂದು ಆಡುಗಳನ್ನು ಕಟ್ಟಿಹಾಕಿದ್ದಾರೆ. ನಲವತ್ತು ವರ್ಷ ಸಿಪ್ಪೆ ಸಮೇತ ತಿಂದವರು ನನ್ನಿಂದಾಗಿ ತಮ್ಮ ಹೊಲದ ಕಾಯಿಗೆ ಹೆದರುತ್ತಿದ್ದಾರೆ. ನನ್ನ ಹೊಟ್ಟೆಯ ವಿಷಯ ಹೇಳಿದರೆ ಒಂದು ನಿಮಿಷದ ಕೆಲಸ. ಹೇಳದೆ, “ಕಾಕಾ, ಅದೆಲ್ಲ ಬ್ಯಾಡ್ರಿ, ಸಿಪ್ಪಿ ಸಮೇತ ತಿನ್ರಿ” ಎಂದಷ್ಟೇ ಅಂದೆ.

ಕಾಕಾ ನನ್ನ ಭುಜದ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು. “ನಿಮ್ಮ ತ್ರಾಸ ನನಗ ತಿಳಿತೈತ್ರಿ. ಕಂಪನಿ ಮಂದಿ, ಬಾಯಿ ಬಿಟ್ಟ ಹೇಳಾಕ ಬರಂಗಿಲ್ಲ. ಹೆದರಬ್ಯಾಡ್ರಿ, ನಿಮ್ಮ ಗುಟ್ಟ ನಾಗನೂರ ದಾಟಿಲ್ಲ. ಗೋಕಾಕ ಸಂತ್ಯಾಗ ನಮ್ಮ ಕಾಯಿ ಎಲ್ಲಾರೂ ಸಿಪ್ಪಿ ಸಮೇತನ ತಿನ್ನಾಕತ್ತಾರ.”

೩. ಮೂಡಲಗಿಯ ಮೂಲಂಗಿ

ಮೂಡಲಗಿಯಲ್ಲಿ ನಮ್ಮ ಬೀಜ ಮಾರುವ ಅಂಗಡಿಯ ಮಾಲೀಕರು ನನ್ನ ಹಳೆಯ ದೋಸ್ತ. ತೂಕದಲ್ಲಿಯೂ ನಾವು ಜೋಡಿಯಾಗಿದ್ದೆವು. ಅವರಿಗೆ ಸಕ್ಕರೆ ಕಾಯಿಲೆ, ಇಳಿಸಲೇಬೇಕೆಂದು ಡಾಕ್ಟರು ಗದರಿಸಿದ್ದರು. ನನ್ನನ್ನು ಕಂಡವರೇ ಕೈ ಹಿಡಿದು, “ಹೆಂಗ ಇಳಿಸಿದ್ರಿ, ಖರೆ ಹೇಳ್ರಿ” ಎಂದರು. ನಾನು ಅದೇ ಹಾಡು ಹಾಡಿದೆ: ನಡಿಗೆ, ಹಸಿ ತರಕಾರಿ.

ಅವರು ಭೋಳೆ, ಹೇಳಿದ್ದೆಲ್ಲ ನಂಬುವ ಮನುಷ್ಯ. ಎಷ್ಟು, ಯಾವುದು ಎಂದು ಕೇಳಲಿಲ್ಲ. ಮರುದಿನದಿಂದ ಮೂರೂ ಹೊತ್ತು ಹಸಿ ಮೂಲಂಗಿ, ಹಸಿ ಕೋಸು.

ಹತ್ತು ದಿನದ ಮೇಲೆ ಹೋದೆ. ಅಂಗಡಿಯಲ್ಲಿ ಅವರೊಬ್ಬರೇ ಕೂತಿದ್ದರು. ಗಿರಾಕಿಗಳೆಲ್ಲ ರಸ್ತೆಯ ಆಚೆ, ಬೇವಿನ ಗಿಡದ ಕೆಳಗೆ ನಿಂತು, ಅಲ್ಲಿಂದಲೇ “ಮೆಣಸಿನ ಬೀಜ ಎರಡ ಪಾಕೀಟ, ಕಟ್ಟಿಮ್ಯಾಲ ಇಡ್ರಿ, ಆಮ್ಯಾಲ ತಗೊಂತೇವಿ” ಎಂದು ಕೂಗುತ್ತಿದ್ದರು. ಒಳಗೆ ಕಾಲಿಟ್ಟ ಕೂಡಲೇ ನನ್ನ ಮೂಗಿಗೆ ಕಾರಣ ತಿಳಿಯಿತು.

ದೋಸ್ತ ಸಪ್ಪಗಿದ್ದರು. “ಎರಡ ಕಿಲೋ ಏರೇನ್ರಿ. ಮೂಲಂಗಿ ತಿಂದ ಸಿಟ್ಟಿಗೆ ಸಂಜೀಕ ಮಿರ್ಚಿ ಭಜಿ ತಿಂತೇನಿ. ನಿಮ್ಮಂಗ ಗಟ್ಟಿ ಮನಸಿಲ್ರಿ ನಂದು.” ಹಾಗೆ ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ಬಾಯಿ ಬಿಡಬೇಕಿದ್ದ ಹೊತ್ತು ಅದೇ. ಬಿಡಲಿಲ್ಲ. ಹೊರಗೆ ಬಂದಾಗ ಬೇವಿನ ಗಿಡದ ಕೆಳಗಿನ ಮುದುಕರೊಬ್ಬರು ನನ್ನನ್ನು ಗೌರವದಿಂದ ನೋಡಿ ಅಂದರು, “ಐದ ಮಿನಿಟ ಒಳಗಿದ್ರಿ. ಖರೇನ ಗಟ್ಟಿ ಮನಸ್ರಿ ನಿಮ್ದು.”

೪. ಟೊಪ್ಪಿಗೆ, ಟವೆಲ್ಲು, ತೆಂಗಿನಕಾಯಿ

ಜೋಳದ ಹೊಲದಲ್ಲಿ ಹಕ್ಕರಿಕೆ ಎಂಬ ಸೊಪ್ಪು ತಾನಾಗಿಯೇ ಬೆಳೆಯುತ್ತದೆ. ಹಸಿಯಾಗಿಯೇ ತಿನ್ನಬೇಕು. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಕೆನೆಮೊಸರು, ಪಕ್ಕಕ್ಕೆ ಒಂದು ಹಿಡಿ ಹಕ್ಕರಿಕೆ. ಅದರ ಮುಂದೆ ಹೋಳಿಗೆಯನ್ನೂ ನಾನು ನಿವಾಳಿಸಿ ಒಗೆದವನು. ಅಕ್ಕ ಪ್ರತಿ ವರ್ಷ ಹೊಲದಲ್ಲಿ ಬಗ್ಗಿ ಬಗ್ಗಿ ಎಳೆಯದನ್ನೇ ಆರಿಸಿ, ತೊಳೆದು, ನನಗೆಂದು ಬುಟ್ಟಿ ತುಂಬ ಇಡುತ್ತಿದ್ದಳು.

ಈ ಸಲವೂ ಇಟ್ಟಿದ್ದಳು. ದವಾಖಾನೆಯಿಂದ ಬಂದ ಮೇಲೆ ಕೆಲಸದ ನೆಪ ಹೇಳಿ ಅಲ್ಲಿಯವರೆಗೆ ಅವಳ ಮನೆಯ ಊಟ ತಪ್ಪಿಸಿಕೊಂಡಿದ್ದೆ. ನಾನು ಅರ್ಧ ರೊಟ್ಟಿ ಮುರಿದು, ಅದರಲ್ಲೂ ಅರ್ಧ ಬಿಟ್ಟು, ಎರಡು ಎಲೆ ತಿಂದು ಎದ್ದೆ. ಅಕ್ಕ ಬುಟ್ಟಿ ಹಿಡಿದುಕೊಂಡೇ ನಿಂತಳು. “ಯಾಕೋ ತಮ್ಮಾ, ಕಹಿ ಆಗ್ಯಾವೇನು?”

“ಇಲ್ಲಕ್ಕಾ. ಹಸಿವಿಲ್ಲ.”

ಹಸಿವಿಲ್ಲ ಎಂಬ ಮಾತು ನನ್ನ ಬಾಯಿಂದ ಆ ಮನೆ ಅದುವರೆಗೆ ಕೇಳಿರಲಿಲ್ಲ. ಅಲ್ಲದೆ ನಮ್ಮ ಕಡೆ ತವರಿನವನು ಅಕ್ಕನ ಮನೆಯಲ್ಲಿ ಎಡೆ ಬಿಟ್ಟು ಎದ್ದರೆ, ಅದು ಮುನಿಸು. ಬೇರೆ ಅರ್ಥವೇ ಇಲ್ಲ. ಮುಂದಿನ ವಾರ ಹೋದೆ, ಮತ್ತೆ ಎರಡೆಲೆ. ಮೂರನೆಯ ಸಲ ಹೋದಾಗ ಮಾಮಾ, ಅಂದರೆ ನನ್ನನ್ನು ಅಳಿಯಾ ಎಂದೇ ಕರೆಯುವ ಅಕ್ಕನ ಗಂಡ, ಊರಿನ ಇಬ್ಬರು ಹಿರಿಯರನ್ನು ಕಟ್ಟೆಯ ಮೇಲೆ ಕೂಡ್ರಿಸಿಕೊಂಡೇ ಕಾಯುತ್ತಿದ್ದರು.

“ಏನ ತಪ್ಪಾಗೈತಿ ಹೇಳ್ರಿ,” ಎಂದರು ಹಿರಿಯರು. “ನಿಮ್ಮಕ್ಕ ಮೂರ ವಾರ ಆತು, ಕಣ್ಣೀರ ಇಡಾಕತ್ತಾಳ.”

“ಏನೂ ಇಲ್ರಿ.”

“ಏನೂ ಇಲ್ದ ಯಾರೂ ಹಕ್ಕರಕಿ ಬಿಡಂಗಿಲ್ಲ.”

ಒಂದು ತಾಸು ಕೂಡ್ರಿಸಿದರು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಖರೆ ಹೇಳಿದರೆ ಇಡೀ ಕಟ್ಟೆಗೆ ಗೊತ್ತಾಗುತ್ತದೆ. ತಪ್ಪಿಸಿಕೊಳ್ಳಲು ಒಂದು ಮುನಿಸು ಹುಟ್ಟಿಸಿದೆ. ಈಗಲೂ ನೆನೆದರೆ ನಾಚಿಕೆ. “ಮೊಮ್ಮಗನ ತೊಟ್ಟಿಲಕ್ಕ ಮಾಮಾ ಫೋನಿನ್ಯಾಗ ಕರದ್ರು. ಮನಿತನಕ ಬಂದ ಕರೀಲಿಲ್ಲ” ಅಂದೆ. ಅಸಲಿಗೆ ಮಾಮಾ ಬರಲು ಹೊರಟು ನಿಂತಿದ್ದರು. ಬಿಸಿಲಲ್ಲಿ ಬರಬೇಡಿ, ಫೋನೇ ಸಾಕು ಎಂದು ತಡೆದವನು ನಾನೇ.

ಮಾಮಾ ಅದನ್ನು ನನಗೆ ನೆನಪು ಮಾಡಿಕೊಡಲೂ ಇಲ್ಲ. ಎಪ್ಪತ್ತರ ಹತ್ತಿರದ ಆ ಮನುಷ್ಯ ಎದ್ದು ಬಂದು, “ತಪ್ಪಾತ ಅಳಿಯಾ” ಎಂದು ಕೈಮುಗಿದರು. ಹಿರಿಯರು ಟೊಪ್ಪಿಗೆ, ಟವೆಲ್ಲು, ತೆಂಗಿನಕಾಯಿ ತರಿಸಿ ನನಗೆ ಮರ್ಯಾದೆ ಮಾಡಿಸಿದರು. ತಲೆಗೆ ಟೊಪ್ಪಿಗೆ ಇಡಿಸಿಕೊಳ್ಳುವಾಗ ಭೂಮಿ ಬಾಯ್ಬಿಡಬಾರದೇ ಅನಿಸಿತು. ಭೂಮಿ ಬಿಡಲಿಲ್ಲ, ಹಿರಿಯರು ಬಿಟ್ಟರು. “ಸಿಟ್ಟ ಇಳದದ್ದು ಖರೆ ಆದ್ರ ಒಂದ ರೊಟ್ಟಿ, ಒಂದ ಹಿಡಿ ಹಕ್ಕರಕಿ ನಮ್ಮ ಕಣ್ಣ ಮುಂದ ತಿನ್ರಿ.”

ತಿಂದೆ. ಟೊಪ್ಪಿಗೆ ಹಾಕಿಕೊಂಡೇ ತಿಂದೆ. ಮುಕ್ಕಾಲು ರೊಟ್ಟಿಯ ತನಕ ಹೊಟ್ಟೆ ನನ್ನ ಮಾನ ಕಾಯಿತು. ಆಮೇಲೆ ಬಾಯಿಗೆ ಟವೆಲ್ಲು ಒತ್ತಿಕೊಂಡು ಹಿತ್ತಲಿಗೆ ಓಡಿದೆ. ತಿಂದದ್ದೆಲ್ಲ ಬಂದ ದಾರಿಗೇ ವಾಪಸಾಯಿತು. ಗೋಡೆ ಹಿಡಿದು ನಿಂತಿದ್ದಾಗ ಕಟ್ಟೆಯ ಮೇಲಿಂದ ಮಾಮಾನ ದನಿ ಕೇಳಿಸಿತು: “ಇನ್ನೂ ಇಳದಿಲ್ರಿ ಸಿಟ್ಟು. ನಾ ಆಗಲೇ ಅಂದ್ನಿ, ಬರೇ ಟೊಪ್ಪಿಗಿ ಸಾಲಂಗಿಲ್ಲ, ಧೋತರಾನೂ ತರಸೂಣು ಅಂತ.”

೫. ತೆಗೆದದ್ದು ಎಲ್ಲಿ?

ಇದಾಗಿ ಎಂಟು ದಿನಕ್ಕೆ ಮಾಮಾನ ಫೋನು ಬಂತು. “ಅಳಿಯಾ, ನಿಮ್ಮಕ್ಕ ಹಕ್ಕರಕಿ, ಹಸಿ ತಪ್ಪಲ ಎಲ್ಲಾ ಬಿಟ್ಟಾಳ. ತಮ್ಮ ಮೊದಲಿನಂಗ ತಿನ್ನೂತನಕ ತಾನೂ ಒಂದ ಎಲಿ ಮುಟ್ಟಂಗಿಲ್ಲಂತ. ಹರಕಿ ಹೊತ್ತಾಳ.”

ಅಕ್ಕನ ಹರಕೆ ಗೊತ್ತಿದ್ದವರಿಗೆ ಅದು ಸಣ್ಣ ಮಾತಲ್ಲ. ಹಿಂದೆ ನನ್ನ ಪರೀಕ್ಷೆಗೆಂದು ಬೆಲ್ಲ ಬಿಟ್ಟವಳು ನಾನು ಪಾಸಾಗುವವರೆಗೆ ಮೂರು ವರ್ಷ ಸಪ್ಪೆ ಚಹಾ ಕುಡಿದಿದ್ದಳು. ಆ ಮೂರು ವರ್ಷಕ್ಕೂ ನಾನೇ ಕಾರಣ. ಮತ್ತು ನಾನು ಮೊದಲಿನಂತೆ ತಿನ್ನುವುದು ಈ ಜನ್ಮದಲ್ಲಿ ಆಗದ ಮಾತು. ಅವತ್ತೇ ಗಾಡಿ ಹತ್ತಿದೆ.

ಅಕ್ಕ ಕಟ್ಟೆಯ ಮೇಲೆ ಕುಳಿತು ಸೊಸೆಯಂದಿರಿಗೆಂದು ಹಕ್ಕರಿಕೆ ಸೋಸುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತೆ. “ಅಕ್ಕಾ, ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ತೊಟ್ಟಿಲದ ಮಾತೂ ಸುಳ್ಳ. ನಾ ಹೊಟ್ಟಿ ಕೊಯ್ಸಿ ಸಣ್ಣದ ಮಾಡ್ಸೇನಿ. ಬೆಳಗಾವ್ಯಾಗ.”

ಸೋಸುವ ಕೈ ನಿಂತಿತು. “ಯಾವಾಗ?”

“ಹುಬ್ಬಳ್ಳಿ ಟ್ರೇನಿಂಗ ಅಂದಿದ್ನೆಲ್ಲ, ಆವಾಗ.”

ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕಿದಳು. “ಮತ್ತ ನಾ ಕಟ್ಟಿದ ಶೇಂಗಾ ಉಂಡಿ?”

“ನರ್ಸಗೋಳು ತಿಂದ್ರು.”

“ಚಲೋ ಆಗಿದ್ವಂತೇನು?”

“ಚಲೋ ಆಗಿದ್ವಂತ.”

ಅಷ್ಟರಲ್ಲಿ ಮಾಮಾ ಬಂದರು, ಅವರ ಹಿಂದೆಯೇ ಆ ಇಬ್ಬರು ಹಿರಿಯರು. ವಿಷಯ ಕೇಳಿ ಹಿರಿಯರಿಗೆ ಬಹಳ ಬೇಜಾರಾಯಿತು. “ಎಷ್ಟ ಪಂಚಾಯ್ತಿ ಮಾಡೇವಿ. ತಪ್ಪ ಇಲ್ಲದಂವನ ಕಡೆ ತಪ್ಪ ಒಪ್ಪಿಸಿದ್ದು ಇದ ಮೊದಲ” ಅಂದರು. ನಾನು ಮಾಮಾನ ಕಾಲು ಮುಟ್ಟಿದೆ. ಅವರು “ಇರಲಿ ಬಿಡ, ಜೀವಕ್ಕ ಆರಾಮಿದ್ರ ಸಾಕು” ಅಂದರು. ಆ ಮಾತು ಟೊಪ್ಪಿಗೆಗಿಂತ ಭಾರ ಆಯಿತು.

ಸುದ್ದಿ ಓಣಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಒಂದು ವರ್ಷ ಬಚ್ಚಿಟ್ಟದ್ದನ್ನು ಅರ್ಧ ತಾಸಿನಲ್ಲಿ ಎಲ್ಲರೂ ನೋಡಲು ಬಂದರು. ಅಂಗಿ ಎತ್ತಿ ತೋರಿಸಬೇಕಾಯಿತು. ಹೊಟ್ಟೆಯ ಮೇಲೆ ಐದು ಸಣ್ಣ ಗುರುತು, ಒಂದೊಂದೂ ಕಿರುಬೆರಳಿನ ಉಗುರಿನಷ್ಟು. ಓಣಿಯ ಮುದುಕಿ ಆಯಿಯೊಬ್ಬಳು ಕನ್ನಡಕ ಏರಿಸಿ, ಬಗ್ಗಿ ನೋಡಿ, “ಇಷ್ಟ ಸಣ್ಣ ತೂತಿನ್ಯಾಗಿಂದ ಅಷ್ಟ ದೊಡ್ಡ ಹೊಟ್ಟಿ ಹೆಂಗ ಹೊರಗ ಬಂತವ್ವಾ” ಎಂದು ಆಶ್ಚರ್ಯಪಟ್ಟಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ವರ್ಷದಿಂದ ಹೊತ್ತದ್ದು ಇಳಿದಂತಾಗಿತ್ತು. ನಾಗನೂರಿಗೂ ಮೂಡಲಗಿಗೂ ನಾಳೆಯೇ ಹೋಗಿ ಹೇಳಿಬಿಡಬೇಕು ಅಂದುಕೊಂಡೆ.

ಅಕ್ಕ ಮಾತ್ರ ನಗಲಿಲ್ಲ. ಬುಟ್ಟಿಯಿಂದ ಎರಡು ಎಳೆಯ ಎಲೆ ಆರಿಸಿ, ಕಡ್ಡಿ ಚಿವುಟಿ ನನ್ನ ಕೈಯಲ್ಲಿಟ್ಟಳು. ಇನ್ನೆರಡನ್ನು ತನ್ನ ಬಾಯಿಗೆ ಹಾಕಿಕೊಂಡಳು. ಹರಕೆ ಮುಗಿಯಿತು ಎಂದು ಮಾಮಾ ನಿಟ್ಟುಸಿರುಬಿಟ್ಟರು. ಅಕ್ಕ ಮೆಲ್ಲಗೆ ಅಗಿಯುತ್ತ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು.

“ತಗದದ್ದು ಎಲ್ಲೈತಿ?” ಎಂದಳು.

“ಎಲ್ಲಿ ಅಂದ್ರ?”

“ಕೊಯ್ಸೇನಿ ಅಂದೆಲ್ಲ, ಆ ತಗದ ಹೊಟ್ಟಿ. ಅದು ಎಲ್ಲೈತಿ?”

“ದವಾಖಾನ್ಯಾಗ ಕಸಕ್ಕ ಒಗದಿರ್ತಾರಕ್ಕಾ. ಅದನ್ನ ಯಾರ ಇಟ್ಕೊಂತಾರ?”

ಕಟ್ಟೆಯ ಮೇಲಿನವರು ಮತ್ತೆ ನಕ್ಕರು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಒಗಿಯಾಕ ಅದೇನ ನಿಂದಾಗಿತ್ತೇನೋ? ಅವ್ವ ಹೊಲಕ್ಕ ಹೋದ್ರ ತುತ್ತಿಗೊಂದ ತುತ್ತ ಹಾಕಿ ನಾ ಬೆಳಿಸಿದ ಹೊಟ್ಟಿ ಅದು. ಕೊಡೂ ಮೊದಲ ನನ್ನ ಒಂದ ಮಾತ ಕೇಳಬೇಕಾಗಿತ್ತು.”